ತೂಕ ಇಳಿಸಿದ ಕತೆ ಬರೆಯುವವರಿಗೆ: ಕಟು ಮಾತುಗಳನ್ನು ಎದುರಿಸುವ ಬಗೆ

ನಾನು ಬಟ್ಟೆ ಹೊಲಿದು ಬದುಕುವವಳು. ಅಳತೆ ತೆಗೆಯುವಾಗ ಟೇಪಿನಲ್ಲಿ ಕಂಡ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆಯೇ ಹೊರತು ಗಟ್ಟಿಯಾಗಿ ಓದುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕಾಯುತ್ತಿದ್ದರಂತೂ ತುಟಿಯನ್ನೂ ಅಲುಗಿಸುವುದಿಲ್ಲ. ಎದುರಿಗೆ ನಿಂತವರ ಸೊಂಟದ ಸುತ್ತಳತೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬಟ್ಟೆ ಸರಿಯಾಗಿ ಕೂರಲು ಬೇಕಾದ ಮಾಹಿತಿ, ಅಷ್ಟೇ. ನನ್ನ ತೂಕ 96 ಕಿಲೋದಿಂದ 74ಕ್ಕೆ ಇಳಿದ ಕತೆಯನ್ನು ಫೋಟೊ ಸಮೇತ ಅಂತರ್ಜಾಲದಲ್ಲಿ ಬರೆಯತೊಡಗಿದಾಗ, ಇಂಥ ಮರ್ಯಾದೆ ಅಲ್ಲಿ ತಾನಾಗಿ ಸಿಗುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. ಅದನ್ನು ನಾವೇ ಕಟ್ಟಿಕೊಳ್ಳಬೇಕು. ಹೇಗೆ ಎಂಬುದನ್ನು, ಇದೇ ದಾರಿಗೆ ಬರಲಿರುವವರಿಗಾಗಿ ಬರೆಯುತ್ತಿದ್ದೇನೆ.

ತಳಪಾಯದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹೇಳಿದ್ದನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಒರಟಾಗಿ ಕೇಳಿದರೂ ಆ ಪ್ರಶ್ನೆಗೆ ಉತ್ತರ ಸಲ್ಲಬೇಕು. ನಿಮ್ಮ ಮೈಯ ಬಗ್ಗೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ನಯವಾಗಿ ಕೊಟ್ಟರೂ ಅದಕ್ಕೆ ಉತ್ತರಿಸುವ ಋಣ ನಿಮಗಿಲ್ಲ. ಹೆಚ್ಚಿನವರು ಕಾಮೆಂಟುಗಳನ್ನು ಮೃದು, ಕಟು ಎಂದು ಬೇರ್ಪಡಿಸುತ್ತಾರೆ. ಹಾಗೆ ಮಾಡಿದರೆ ಒರಟು ಮಾತಿನಲ್ಲಿ ಅಡಗಿರುವ ನ್ಯಾಯವಾದ ಪ್ರಶ್ನೆ ಕಸದ ಬುಟ್ಟಿಗೆ ಹೋಗುತ್ತದೆ, ಸಕ್ಕರೆ ಸವರಿದ ಅವಮಾನ ಮನೆಯೊಳಗೆ ಬರುತ್ತದೆ. ಬಂದದ್ದು ಮಾತಿನ ಮೇಲೋ ಮೈಯ ಮೇಲೋ ಎಂದು ನೋಡಿ. ಮುಂದಿನ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಬರೆಯುವ ಮೊದಲೇ ಮಾಡಬೇಕಾದ ಕೆಲಸ

ಟೀಕೆಯನ್ನು ಎದುರಿಸುವ ಅರ್ಧ ಕೆಲಸ ಪೋಸ್ಟು ಹಾಕುವ ಮೊದಲೇ ಮುಗಿಯಬೇಕು. ಒಂದು ಹಾಳೆ ತೆಗೆದುಕೊಂಡು ಯಾವುದನ್ನು ಹಂಚಿಕೊಳ್ಳುತ್ತೀರಿ, ಯಾವುದನ್ನು ಎಂದೂ ಹಂಚಿಕೊಳ್ಳುವುದಿಲ್ಲ ಎಂದು ಬರೆದಿಡಿ. ನನ್ನ ಹಾಳೆಯಲ್ಲಿ ಮೊಣಕಾಲಿನ ನೋವು, ನಡಿಗೆ, ಸೊಂಟದ ಅಳತೆ, ತಿಂಗಳ ಸರಾಸರಿ ತೂಕ ಒಂದು ಕಡೆ ಇವೆ. ಮಗಳ ಮುಖ, ನನ್ನ ಅಂಗಡಿಯ ವಿಳಾಸ, ರಕ್ತಪರೀಕ್ಷೆಯ ವರದಿ, ದಿನಕ್ಕೆ ಎಷ್ಟು ಕ್ಯಾಲೊರಿ ತಿಂದೆ ಎಂಬ ಲೆಕ್ಕ ಇನ್ನೊಂದು ಕಡೆ. ಕ್ಯಾಲೊರಿಯ ಲೆಕ್ಕ ಆ ಕಡೆ ಇರುವುದಕ್ಕೆ ಕಾರಣವಿದೆ. ಊಟದ ಜೊತೆ ಈಗಾಗಲೇ ಕಾದಾಡುತ್ತಿರುವ ಯಾರಾದರೂ ನನ್ನ ಸಂಖ್ಯೆಯನ್ನು ಓದಿ ಅದಕ್ಕಿಂತ ಕಡಿಮೆ ತಿನ್ನುವ ಪಣ ತೊಡಬಹುದು. ಅಂಥವರಿಗೆ ನನ್ನಿಂದ ಕೇಡಾಗುವುದು ನನಗೆ ಬೇಡ.

ಫೋಟೊಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ‘ಇದು ಮೋಸ’ ಎಂಬ ಆರೋಪ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಕ್ಯಾಮೆರಾವನ್ನು ಹತ್ತಿರ ಹಿಡಿದಷ್ಟೂ ಅದಕ್ಕೆ ಸಮೀಪವಾದ ಭಾಗ ದೊಡ್ಡದಾಗಿ ಕಾಣುತ್ತದೆ. ಮೇಲಿನಿಂದ ಬೀಳುವ ಬೆಳಕು ಮಡಿಕೆಗಳ ನೆರಳನ್ನು ಗಾಢವಾಗಿಸುತ್ತದೆ, ಎದುರಿನ ಬೆಳಕು ಅಳಿಸಿಹಾಕುತ್ತದೆ. ಬಟ್ಟೆಯ ಕೆಲಸದವಳಾಗಿ ಇನ್ನೊಂದನ್ನು ಸೇರಿಸುತ್ತೇನೆ: ದೊಗಳೆ ಉಡುಪು ಮತ್ತು ಮೈಗೊಪ್ಪುವ ಉಡುಪು ಒಬ್ಬಳೇ ವ್ಯಕ್ತಿಯನ್ನು ಒಂದೇ ದಿನ ಇಬ್ಬರಂತೆ ತೋರಿಸಬಲ್ಲವು. ಆದ್ದರಿಂದ ಅದೇ ಗೋಡೆ, ಅದೇ ದೂರ, ಅದೇ ಹೊತ್ತಿನ ಬೆಳಕು, ಸಾಧ್ಯವಾದರೆ ಅದೇ ಉಡುಪು ಇರಲಿ. ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ. ಮೂಲ ಫೋಟೊಗಳನ್ನು ತಿದ್ದದೆ ತಾರೀಖಿನ ಸಮೇತ ಬೇರೆ ಕಡೆ ಉಳಿಸಿಕೊಳ್ಳಿ. ಫೋಟೊ ತೆಗೆದ ಜಾಗದ ವಿವರ ಅದರ ಕಡತದೊಳಗೇ ಸೇರಿಕೊಂಡಿರುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ನಿಲ್ಲಿಸಿಬಿಡಿ.

ಪೋಸ್ಟಿನ ಮಾತನ್ನು ನಿಮ್ಮ ಅನುಭವದ ಅಳತೆಗೇ ಕತ್ತರಿಸಿ. ‘ಹೀಗೆ ಮಾಡಿದರೆ ಎಲ್ಲರ ತೂಕವೂ ಇಳಿಯುತ್ತದೆ’ ಎಂದು ಬರೆದರೆ, ಅದು ಕೈಗೂಡದ ಪ್ರತಿಯೊಬ್ಬರೂ ನಿಮ್ಮನ್ನು ಕೇಳುವುದು ನ್ಯಾಯವೇ. ‘ವೈದ್ಯರ ಸಲಹೆಯ ಮೇಲೆ ನಾನು ಹೀಗೆ ಮಾಡಿದೆ, ನನಗೆ ಹೀಗಾಯಿತು’ ಎಂದು ಬರೆದರೆ ಕೇಳಲು ಉಳಿಯುವುದು ಕಡಿಮೆ. ಔಷಧ, ಶಸ್ತ್ರಚಿಕಿತ್ಸೆ, ತರಬೇತಿದಾರರ ನೆರವು ಇದ್ದರೆ ಮೊದಲ ದಿನವೇ ಹೇಳಿ. ಅದನ್ನು ಹೇಳಲು ಮನಸ್ಸಿಲ್ಲದಿದ್ದರೆ ವಿಧಾನದ ಬಗ್ಗೆ ಏನನ್ನೂ ಬರೆಯಬೇಡಿ, ಅನುಭವವನ್ನು ಮಾತ್ರ ಬರೆಯಿರಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟ ವಿಧಾನ ಓದುಗರನ್ನು ದಾರಿ ತಪ್ಪಿಸುತ್ತದೆ, ಅದನ್ನು ಪತ್ತೆ ಹಚ್ಚಿದವರ ಕೋಪ ಸುಳ್ಳಲ್ಲ.

ಇನ್ನೊಂದು ಉಪಾಯವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ: ಇಂದಿನ ನೋವನ್ನು ಇಂದೇ ಬರೆಯುವುದಿಲ್ಲ. ಈ ತಿಂಗಳು ಅನುಭವಿಸಿದ್ದನ್ನು ಮುಂದಿನ ತಿಂಗಳು ಬರೆಯುತ್ತೇನೆ. ಅಷ್ಟು ಹೊತ್ತಿಗೆ ಗಾಯದ ಮೇಲೆ ಹೊಸ ಚರ್ಮ ಬಂದಿರುತ್ತದೆ. ಯಾರಾದರೂ ಅಲ್ಲಿ ಬೆರಳಿಟ್ಟರೂ ರಕ್ತ ಬರುವುದಿಲ್ಲ.

ಬಾಗಿಲ ಚಿಲಕಗಳು

ಕಾಮೆಂಟುಗಳ ಸೆಟ್ಟಿಂಗ್‌ಗಳನ್ನು ಮೊದಲ ಪೋಸ್ಟಿಗಿಂತ ಮುಂಚೆಯೇ ಹೊಂದಿಸಿ. ಯೂಟ್ಯೂಬ್‌ನಲ್ಲಿ ಕಾಮೆಂಟುಗಳನ್ನು ನೀವು ಒಪ್ಪಿದ ಮೇಲಷ್ಟೇ ಕಾಣುವಂತೆ ತಡೆದಿಡಬಹುದು, ಒಬ್ಬ ವ್ಯಕ್ತಿಯ ಕಾಮೆಂಟುಗಳು ನಿಮ್ಮ ಚಾನೆಲ್‌ನಲ್ಲಿ ಯಾರಿಗೂ ಕಾಣದಂತೆಯೂ ಮಾಡಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ 2019ರಲ್ಲಿ ಬಂದ ‘ರಿಸ್ಟ್ರಿಕ್ಟ್’ ಸೌಲಭ್ಯ ನನಗೆ ಬಹಳ ಇಷ್ಟ. ಅದನ್ನು ಬಳಸಿದರೆ ಆ ವ್ಯಕ್ತಿ ಹೊಸದಾಗಿ ಬರೆದದ್ದು ನೀವು ಒಪ್ಪುವ ತನಕ ಅವರಿಗೆ ಮಾತ್ರ ಕಾಣುತ್ತದೆ, ತಮ್ಮನ್ನು ತಡೆದಿರುವ ಸೂಚನೆಯೂ ಅವರಿಗೆ ಹೋಗುವುದಿಲ್ಲ. ಬ್ಲಾಕ್ ಮಾಡಿದರೆ ಕೆರಳಿ ಇನ್ನೊಂದು ಖಾತೆಯಿಂದ ಬರುವಂಥವರಿಗೆ ಇದೇ ಸರಿ. ಫೇಸ್‌ಬುಕ್‌ನಲ್ಲಿ ಕಾಮೆಂಟನ್ನು ಬಚ್ಚಿಟ್ಟರೆ ಬರೆದವರಿಗೂ ಅವರ ಸ್ನೇಹಿತರಿಗೂ ಅದು ಕಾಣುತ್ತಲೇ ಇರುತ್ತದೆ ಎಂಬುದನ್ನು ನೆನಪಿಡಿ.

ಪದಗಳನ್ನು ಸೋಸುವ ಸೌಲಭ್ಯವೂ ಇದೆ. ಅದರಲ್ಲಿ ಬೈಗುಳವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ ಸೇರಿಸಿದರೆ ಸಾಲದು. ನಮ್ಮವರು ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ದೀರ್ಘಕ್ಕೆ ಒಬ್ಬರು ಎರಡು ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಒಂದೇ. ವಿಭಕ್ತಿ ಪ್ರತ್ಯಯ ಅಂಟಿಕೊಂಡಾಗಲೂ ಪದದ ರೂಪ ಬದಲಾಗುತ್ತದೆ. ‘ಆನೆ’ ಎಂಬುದನ್ನು ತಡೆದರೆ ‘ಆನೆಯಂತೆ’ ನುಸುಳಿ ಬರಬಹುದು. ಪ್ರಾಣಿಗಳ ಹೆಸರು, ಪೀಪಾಯಿ, ಮೂಟೆ, ಅಸ್ಥಿಪಂಜರ, ಹೀಗೆ ಮೈಯನ್ನು ಹೀಯಾಳಿಸಲು ಬಳಸುವ ಪದಗಳನ್ನು ಎಲ್ಲ ರೂಪಗಳಲ್ಲೂ ಪಟ್ಟಿ ಮಾಡಿ. ಬೇಸರದ ಕೆಲಸವೇ, ಆದರೆ ಒಂದು ಸಂಜೆ ಕುಳಿತರೆ ಮುಗಿಯುತ್ತದೆ. ಆ ಪದಗಳನ್ನು ನೀವೇ ಬರೆದು ನೋಡುವಾಗ ಅವುಗಳ ಮುಳ್ಳೂ ಕೊಂಚ ಮೊಂಡಾಗುತ್ತದೆ.

ಮೊದಲ ಗಂಟೆ

ಹೊಡೆತ ಬಿದ್ದ ಕ್ಷಣದಲ್ಲಿ ಕೆನ್ನೆ ಬಿಸಿಯಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಬೆರಳು ತಾನಾಗಿ ಉತ್ತರ ಬರೆಯಲು ಹೋಗುತ್ತದೆ. ಆಗ ಏನನ್ನೂ ಬರೆಯಬೇಡಿ. ನೂರು ಮಂದಿ ಹರಸಿದ್ದರೂ ಬೈದ ಒಬ್ಬರೇ ರಾತ್ರಿಯಿಡೀ ಕಾಡುವುದು ನಿಮ್ಮ ದೌರ್ಬಲ್ಯವಲ್ಲ. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಕೆಟ್ಟ ಅನುಭವ ಅಷ್ಟೇ ಪ್ರಮಾಣದ ಒಳ್ಳೆಯ ಅನುಭವಕ್ಕಿಂತ ಮನುಷ್ಯನನ್ನು ಬಲವಾಗಿ ತಟ್ಟುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಬರೆಯುವವರ ಕಡೆಯಲ್ಲೂ ಒಂದು ಕಾರಣವಿದೆ. ಜಾನ್ ಸೂಲರ್ ಎಂಬ ಮನಶ್ಶಾಸ್ತ್ರಜ್ಞ 2004ರಲ್ಲಿ ವಿವರಿಸಿದಂತೆ, ತಮ್ಮ ಹೆಸರು ಗೊತ್ತಾಗದಿರುವುದು, ಎದುರಿಗಿರುವವರ ಮುಖ ಕಾಣದಿರುವುದು, ಉತ್ತರವನ್ನು ಆ ಕ್ಷಣವೇ ಕೇಳಬೇಕಾಗಿಲ್ಲದಿರುವುದು, ಇವೆಲ್ಲ ಸೇರಿ ಜನರ ನಾಲಿಗೆಯ ಕಡಿವಾಣವನ್ನು ಸಡಿಲಿಸುತ್ತವೆ. ನನ್ನ ಎದುರು ಅಳತೆಗೆ ನಿಂತು ಇಂಥ ಮಾತು ಆಡಿದವರು ಇಲ್ಲವೇ ಇಲ್ಲ.

ನಾನು ಕಾಮೆಂಟುಗಳನ್ನು ದಿನಕ್ಕೆ ಒಂದೇ ಹೊತ್ತು ಓದುತ್ತೇನೆ, ಮಧ್ಯಾಹ್ನದ ಊಟವಾದ ಮೇಲೆ. ಬೆಳಿಗ್ಗೆ ಯಂತ್ರದ ಮುಂದೆ ಕೂರುವ ಮೊದಲು ಓದುವುದಿಲ್ಲ. ಕೈ ನಡುಗಿದರೆ ಹೊಲಿಗೆ ಡೊಂಕಾಗುತ್ತದೆ. ರಾತ್ರಿ ಮಲಗುವ ಮುಂಚೆ ಓದುವುದಿಲ್ಲ. ಹೊಸ ಪೋಸ್ಟು ಹಾಕಿದ ದಿನ ನನಗಿಂತ ಮೊದಲು ನನ್ನ ತಂಗಿ ಓದುತ್ತಾಳೆ. ಮೈಯ ಬಗ್ಗೆ ಬಂದದ್ದನ್ನು ಅವಳೇ ತೆಗೆದುಹಾಕುತ್ತಾಳೆ, ಮಾತಿನ ಬಗ್ಗೆ ಬಂದದ್ದನ್ನು ನನಗೆ ಉಳಿಸುತ್ತಾಳೆ. ಇಂಥ ಒಬ್ಬರನ್ನು ನೀವೂ ಗೊತ್ತುಮಾಡಿಕೊಳ್ಳಿ. ಅವರು ನಿಮ್ಮನ್ನು ಪ್ರೀತಿಸಬೇಕು, ಆದರೆ ನಿಮ್ಮ ಪರವಾಗಿ ಜಗಳಕ್ಕೆ ಹೋಗುವ ಸ್ವಭಾವದವರಾಗಿರಬಾರದು. ಕೋಪಿಷ್ಠರಿಗೆ ಈ ಕೆಲಸ ಒಪ್ಪಿಸಿದರೆ ಸಂಜೆಯೊಳಗೆ ಯುದ್ಧ ನಡೆದಿರುತ್ತದೆ.

ನೋವಾದಾಗ ಅದಕ್ಕೆ ಹೆಸರಿಟ್ಟು ಬರೆಯಿರಿ: ‘ನನಗೆ ಅವಮಾನವಾಗಿದೆ’, ‘ನನಗೆ ಭಯವಾಗುತ್ತಿದೆ, ಇವರು ಹೇಳಿದ್ದು ನಿಜವಿರಬಹುದೇ ಎಂದು’. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಹೋದ್ಯೋಗಿಗಳ 2007ರ ಮಿದುಳಿನ ಚಿತ್ರಣದ ಅಧ್ಯಯನದಲ್ಲಿ, ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತ್ತು. ನನ್ನ ಅಳತೆ ಪುಸ್ತಕದ ಹಿಂಬದಿಯ ಹಾಳೆಗಳು ಇಂಥ ಸಾಲುಗಳಿಗೇ ಮೀಸಲು.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅವಮಾನದ ಮಾತು ಓದಿದ ಮೇಲೆ ತೂಕದ ಯಂತ್ರದ ಮೇಲೆ ಹತ್ತಬೇಡಿ. ಆ ದಿನದ ಊಟವನ್ನು ಬಿಡಬೇಡಿ, ನಡಿಗೆಯನ್ನು ದುಪ್ಪಟ್ಟು ಮಾಡಬೇಡಿ. ಕಟು ಮಾತು ಕಿವಿಯಿಂದ ನೇರವಾಗಿ ತಟ್ಟೆಗೆ ಇಳಿಯುತ್ತದೆ. ಕೆಲವರು ಹಟದಿಂದ ಉಪವಾಸ ಬೀಳುತ್ತಾರೆ, ಕೆಲವರು ಸಂಕಟ ನೀಗಿಸಿಕೊಳ್ಳಲು ತಿನ್ನುತ್ತಲೇ ಹೋಗುತ್ತಾರೆ. ‘ನಾಚಿಕೆಯಾದರೆ ತಾನೇ ಇಳಿಸುತ್ತಾರೆ’ ಎಂದು ಬೈಗುಳವನ್ನು ಸಮರ್ಥಿಸುವವರಿದ್ದಾರೆ. ಆಂಜೆಲಿನಾ ಸುಟಿನ್ ಮತ್ತು ಅಂಟೋನಿಯೊ ಟೆರಾಚಿಯಾನೊ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದ್ದವರು ಮುಂದಿನ ವರ್ಷಗಳಲ್ಲಿ ಬೊಜ್ಜಿಗೆ ಒಳಗಾಗುವ ಅಥವಾ ಬೊಜ್ಜಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚಿತ್ತು. ನಾಚಿಕೆಪಡಿಸಿ ಯಾರನ್ನೂ ಗುಣಪಡಿಸಲಾಗದು. ಇಂದು ಏನು ತಿನ್ನುತ್ತೇನೆ, ಎಷ್ಟು ನಡೆಯುತ್ತೇನೆ ಎಂಬುದು ಕಾಮೆಂಟುಗಳನ್ನು ತೆರೆಯುವ ಮೊದಲೇ ನಿರ್ಧಾರವಾಗಿರಲಿ. ಓದಿದ ಮೇಲೆ ಅದು ಬದಲಾಗದಿರಲಿ.

ಬೇರ್ಪಡಿಸುವುದು

ಕೆಲವು ಮಾದರಿಗಳನ್ನು ಎತ್ತಿಕೊಂಡು ನೋಡೋಣ. ಇವು ಎಲ್ಲರಿಗೂ ಬರುವಂಥವು.

‘ಎರಡು ವಾರದಲ್ಲಿ ನಾಲ್ಕು ಕಿಲೋ? ಸುಳ್ಳು ಹೇಳಲು ಮಿತಿ ಬೇಡವೇ?’ ಒರಟು, ಆದರೆ ಇದು ಮಾತಿನ ಮೇಲೆ ಬಂದ ಪ್ರಶ್ನೆ. ಉತ್ತರವೂ ಇದೆ. ಆರಂಭದಲ್ಲಿ ಊಟ ಕಡಿಮೆಯಾದಾಗ ದೇಹ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ, ಅದೂ ಹೊರಹೋಗುತ್ತದೆ. ಆದ್ದರಿಂದ ಮೊದಲ ವಾರಗಳ ಇಳಿಕೆಯಲ್ಲಿ ನೀರಿನ ಪಾಲು ದೊಡ್ಡದು. ಆಮೇಲೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಎಂಬುದೇ ಸಾಮಾನ್ಯವಾಗಿ ವೈದ್ಯರು ಹೇಳುವ ಹದ. ಹೀಗೆ ಬರೆಯಿರಿ: ‘ನಿಮ್ಮ ಅನುಮಾನ ಸಹಜ. ಇದರಲ್ಲಿ ಹೆಚ್ಚಿನದು ನೀರು, ಕೊಬ್ಬು ಸ್ವಲ್ಪವೇ. ಈ ವೇಗ ಮುಂದುವರಿಯುವುದಿಲ್ಲ, ಮುಂದುವರಿಯಲೂಬಾರದು.’ ಅಷ್ಟೇ. ‘ಸುಳ್ಳು’ ಎಂಬ ಪದವನ್ನು ಮುಟ್ಟಬೇಡಿ.

‘ನೋಡುತ್ತಿರಿ, ಎಲ್ಲವೂ ವಾಪಸು ಬರುತ್ತದೆ.’ ಇದು ಶಾಪದ ಧ್ವನಿಯಲ್ಲಿ ಬಂದರೂ ಒಳಗೆ ಸತ್ಯದ ಕಾಳಿದೆ. ಅಮೆರಿಕದ ಒಂದು ದೂರದರ್ಶನ ಸ್ಪರ್ಧೆಯಲ್ಲಿ ಬಹಳ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸರಾಸರಿಯಲ್ಲಿ ಇಳಿಸಿದ ತೂಕದ ದೊಡ್ಡ ಪಾಲು ಮರಳಿತ್ತು; ವಿಶ್ರಾಂತಿಯಲ್ಲಿ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ದೇಹ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೀಗೆ ಹೋರಾಡುತ್ತದೆ, ಅದರಲ್ಲಿ ಯಾರ ಚಾರಿತ್ರ್ಯದ ಪ್ರಶ್ನೆಯೂ ಇಲ್ಲ. ನನ್ನ ಉತ್ತರ: ‘ಮರಳುವ ಸಾಧ್ಯತೆ ನಿಜ. ಅದಕ್ಕಾಗಿಯೇ ಉಳಿಸಿಕೊಳ್ಳುವ ಪ್ರಯತ್ನವನ್ನೂ ಬರೆಯುತ್ತಿದ್ದೇನೆ. ಮರಳಿದರೆ ಅದನ್ನೂ ಬರೆಯುತ್ತೇನೆ.’

‘ಇಂಜೆಕ್ಷನ್ ಚುಚ್ಚಿಸಿಕೊಂಡು ಇಳಿಸಿದ್ದರಲ್ಲಿ ಏನು ಹೆಚ್ಚುಗಾರಿಕೆ?’ ಸೆಮಾಗ್ಲುಟೈಡ್ ಔಷಧಕ್ಕೆ ತೂಕ ನಿರ್ವಹಣೆಗಾಗಿ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕ ಮೇಲೆ ಈ ಮಾತು ಎಲ್ಲೆಲ್ಲೂ ಕೇಳುತ್ತಿದೆ. ಅದು ಕರುಳಿನ ಒಂದು ಹಾರ್ಮೋನನ್ನು ಅನುಕರಿಸಿ ಹಸಿವನ್ನು ತಗ್ಗಿಸುತ್ತದೆ. ವೈದ್ಯರು ಬರೆದುಕೊಟ್ಟ ಔಷಧ ತೆಗೆದುಕೊಂಡವರು ಯಾರಿಗೂ ಮೋಸ ಮಾಡಿಲ್ಲ. ತೆಗೆದುಕೊಂಡಿದ್ದರೆ ‘ಹೌದು, ವೈದ್ಯರ ನಿಗಾದಲ್ಲಿ’ ಎನ್ನಿ. ತೆಗೆದುಕೊಂಡಿಲ್ಲದಿದ್ದರೆ ‘ಇಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಿ. ‘ನಾನು ಕಷ್ಟಪಟ್ಟು ಇಳಿಸಿದ್ದೇನೆ, ಅವರಂತಲ್ಲ’ ಎಂಬ ಸಾಲು ಬಾಯಿಗೆ ಬರುತ್ತದೆ; ಅದನ್ನು ನುಂಗಿಕೊಳ್ಳಿ. ಟೀಕಿಸಿದವರ ಏಟನ್ನು ತಪ್ಪಿಸಿಕೊಳ್ಳಲು ಇನ್ನೊಬ್ಬ ರೋಗಿಯನ್ನು ಅಡ್ಡ ಹಿಡಿಯುವುದು ಅನ್ಯಾಯ.

‘ನಿಮ್ಮಂಥವರ ಬರಹದಿಂದಲೇ ದಪ್ಪಗಿರುವವರು ತಲೆ ಎತ್ತದಂತಾಗಿದೆ.’ ಇದು ಬೇರೆ ದಿಕ್ಕಿನಿಂದ ಬರುವ ಟೀಕೆ. ನನ್ನ ಮಟ್ಟಿಗೆ ಅತ್ಯಂತ ಗಮನವಿಟ್ಟು ಓದಬೇಕಾದದ್ದು ಇದೇ. ನೀವು ನಿಮ್ಮ ಹಳೆಯ ಫೋಟೊದ ಕೆಳಗೆ ಏನು ಬರೆದಿದ್ದೀರಿ? ‘ಆಗ ಅಸಹ್ಯವಾಗಿದ್ದೆ’, ‘ಆ ಮೈಯನ್ನು ನೆನೆದರೆ ಹೇಸಿಗೆ’ ಎಂದಿದ್ದರೆ, ಅಂಥದೇ ಮೈಯಲ್ಲಿ ಇಂದು ಬದುಕುತ್ತಿರುವವರು ಅದನ್ನು ಓದುತ್ತಿರುತ್ತಾರೆ. 96 ಕಿಲೋ ಇದ್ದ ನನ್ನ ಮೈ ಯಂತ್ರ ತುಳಿದು ಮನೆ ನಡೆಸಿತು, ಮಗಳನ್ನು ಹೆತ್ತು ಬೆಳೆಸಿತು. ಅದರ ಮೇಲೆ ಉಗುಳುವ ಒಂದು ಸಾಲನ್ನೂ ನಾನು ಬರೆಯುವುದಿಲ್ಲ. ಮೊಣಕಾಲಿನ ಸವೆತಕ್ಕೆ ವೈದ್ಯರು ತೂಕ ಇಳಿಸಲು ಹೇಳಿದರು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿದೆ. ನಾನು ಬರೆಯುವ ಕಾರಣ ಅಷ್ಟಕ್ಕೇ ಸೀಮಿತ. ಯಾರಾದರೂ ಈ ಟೀಕೆ ಮಾಡಿದರೆ ‘ಯಾವ ಸಾಲು ನಿಮಗೆ ನೋವು ಕೊಟ್ಟಿತು?’ ಎಂದು ಕೇಳಿ. ಸಾಲು ತೋರಿಸಿದರೆ, ಅವರು ಹೇಳಿದ್ದು ಸರಿಯೆನಿಸಿದರೆ, ತಿದ್ದಿ. ತಿದ್ದಿದ್ದೇನೆ ಎಂದು ಅಲ್ಲೇ ಬರೆಯಿರಿ. ತೂಕ ಇಳಿಸಿದ್ದೇ ತಪ್ಪು ಎಂದರೆ, ಅಲ್ಲಿಗೆ ಅದು ಮತ್ತೆ ಮೈಯ ಮೇಲಿನ ತೀರ್ಪಾಯಿತು. ಉತ್ತರ ಬೇಡ.

‘ನಿಮ್ಮ ಬಿಎಂಐ ಇನ್ನೂ ಹೆಚ್ಚೇ ಇದೆ, ಏನು ಸಂಭ್ರಮ?’ ಎನ್ನುವವರೂ ಬರುತ್ತಾರೆ. ಬಿಎಂಐ ಎಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಲೆಕ್ಕ ಹಾಕುವ ಅನುಪಾತ. ಇದನ್ನು 1830ರ ದಶಕದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಖಗೋಳ ಮತ್ತು ಸಂಖ್ಯಾಶಾಸ್ತ್ರದ ವಿದ್ವಾಂಸ. ಅವನು ನೋಡುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಅವರ ಪ್ರಬಂಧದಿಂದ. ವೈದ್ಯರಿಗೆ ಅದೊಂದು ಆರಂಭದ ಸೂಚಕ. ಸ್ನಾಯು ಎಷ್ಟು, ಕೊಬ್ಬು ಎಲ್ಲಿ ಕುಳಿತಿದೆ ಎಂಬುದನ್ನು ಅದು ಹೇಳದು. ಇದನ್ನೆಲ್ಲ ನಿಮ್ಮ ಸಮಾಧಾನಕ್ಕೆ ತಿಳಿದುಕೊಂಡಿರಿ, ಅವರಿಗೆ ಪಾಠ ಮಾಡಲು ಹೋಗಬೇಡಿ.

‘ಮುಖ ಬಾಡಿ ಹೋಗಿದೆ’, ‘ಚರ್ಮ ಜೋತುಬಿದ್ದಿದೆ, ಮೊದಲೇ ಚೆನ್ನಾಗಿದ್ದಿರಿ’, ‘ಕಾಯಿಲೆಯವರಂತೆ ಕಾಣುತ್ತೀರಿ’. ಇವೆಲ್ಲ ಮೈಯ ಮೇಲಿನವು. ವರ್ಷಗಟ್ಟಲೆ ಹಿಗ್ಗಿದ ಚರ್ಮದ ಸ್ಥಿತಿಸ್ಥಾಪಕ ಎಳೆಗಳು ಪೂರ್ತಿ ಹಿಂದಕ್ಕೆ ಸೆಳೆದುಕೊಳ್ಳುವುದಿಲ್ಲ, ವಯಸ್ಸಾದಂತೆ ಇನ್ನೂ ಕಡಿಮೆ. ಇದು ಸೋಲಿನ ಗುರುತಲ್ಲ ಎಂದು ನೀವು ನಂಬಿದರೆ ಸಾಕು. ಉತ್ತರಿಸಬೇಡಿ, ತೆಗೆದುಹಾಕಿ.

ಒಂದು ಅಪವಾದವಿದೆ. ಮೈಯ ಬಗ್ಗೆ ಬಂದ ಮಾತಿನಲ್ಲಿ ರೋಗಲಕ್ಷಣದ ಸುಳಿವಿದ್ದರೆ ಅದನ್ನು ಎತ್ತಿಟ್ಟುಕೊಳ್ಳಿ. ‘ನೆತ್ತಿ ಕಾಣುತ್ತಿದೆ’ ಎಂದು ಯಾರೋ ಹಂಗಿಸಿದರು ಎನ್ನಿ. ತೂಕ ವೇಗವಾಗಿ ಇಳಿದಾಗ ಎರಡು ಮೂರು ತಿಂಗಳ ನಂತರ ಕೂದಲು ಹೆಚ್ಚು ಉದುರುವುದುಂಟು. ತಲೆಸುತ್ತು, ಮುಟ್ಟು ನಿಲ್ಲುವುದು, ಸದಾ ಚಳಿ, ಊಟದ ಹೆಸರೆತ್ತಿದರೆ ಭಯ, ಬಲಪಕ್ಕೆಯ ಕೆಳಗೆ ನೋವು (ಅವಸರದ ಇಳಿಕೆಯಲ್ಲಿ ಪಿತ್ತಕೋಶದ ಕಲ್ಲಿನ ಅಪಾಯ ಹೆಚ್ಚು), ಇವುಗಳಲ್ಲಿ ಯಾವುದು ನಿಮಗಿದ್ದರೂ ವೈದ್ಯರ ಬಳಿ ಹೋಗಿ. ಹಂಗಿಸಿದವರಿಗೆ ಏನನ್ನೂ ಹೇಳಬೇಕಾಗಿಲ್ಲ.

ಗೊತ್ತಿರುವವರು ಬರೆದಾಗ

ಅಪರಿಚಿತರ ಮಾತಿಗಿಂತ ಪರಿಚಿತರ ಮಾತು ಆಳಕ್ಕೆ ಇಳಿಯುತ್ತದೆ. ಬಹಳ ವರ್ಷಗಳಿಂದ ನನ್ನಲ್ಲಿ ಬಟ್ಟೆ ಹೊಲಿಸುವ ಒಬ್ಬರು ನನ್ನ ಪೋಸ್ಟಿನ ಕೆಳಗೆ, ‘ಈಗ ಹೊಲಿಯುವುದಕ್ಕಿಂತ ಮೈ ತೋರಿಸುವುದೇ ಕೆಲಸವಾಗಿದೆ’ ಎಂದು ಬರೆದರು. ಅಲ್ಲಿ ನಾನು ಉತ್ತರಿಸಲಿಲ್ಲ. ಮಾರನೆಯ ದಿನ ಫೋನು ಮಾಡಿ ಹೇಳಿದೆ: ‘ನೀವು ಬರೆದದ್ದನ್ನು ಓದಿದೆ. ನನಗೆ ನೋವಾಯಿತು. ನನ್ನ ಮಗಳೂ ಅದನ್ನು ಓದಿದ್ದಾಳೆ. ದಯವಿಟ್ಟು ತೆಗೆದುಹಾಕಿ. ಬೇಸರ ಬೇರೇನಾದರೂ ಇದ್ದರೆ ನೇರವಾಗಿ ಹೇಳಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ರವಿಕೆ ತಡವಾದ ಕೋಪ ಅದೆಂದರು. ಕಾಮೆಂಟು ಹೋಯಿತು, ರವಿಕೆಯನ್ನು ಆ ವಾರವೇ ಮುಗಿಸಿಕೊಟ್ಟೆ.

ಪರಿಚಿತರೊಂದಿಗೆ ಹೀಗೆ ನಾಲ್ಕು ಗೋಡೆಗಳ ನಡುವೆ ಮಾತಾಡಿ. ಆದದ್ದು, ಅದರಿಂದ ನಿಮಗಾದದ್ದು, ನೀವು ಕೇಳುತ್ತಿರುವುದು, ಈ ಮೂರನ್ನು ಹೇಳಿ. ಅವರ ಉದ್ದೇಶವನ್ನು ನೀವೇ ಊಹಿಸಿ ಆರೋಪಿಸಬೇಡಿ. ಕೇಳಿಕೊಂಡ ಮೇಲೂ ಮುಂದುವರಿಸಿದರೆ ನೆಂಟರಾದರೂ ಸರಿ, ಕಾಮೆಂಟಿನ ಬಾಗಿಲು ಮುಚ್ಚಿ. ನೆಂಟಸ್ತಿಕೆ ಮುರಿಯಬೇಕಾಗಿಲ್ಲ.

ಉತ್ತರ ಬರೆಯುವ ಬಗೆ

ಒಂದು ಪ್ರಶ್ನೆಗೆ ಒಂದೇ ಉತ್ತರ. ಅವರು ಮತ್ತೆ ಕೆಣಕಿದರೆ ಎರಡನೆಯದು ಇಲ್ಲ. ಉತ್ತರ ಮೂರು ವಾಕ್ಯ ದಾಟಬಾರದು. ಕೊಂಕು ಬೇಡ, ಆಶ್ಚರ್ಯಸೂಚಕ ಚಿಹ್ನೆಯೂ ಬೇಡ. ಬರೆಯುವಾಗ ಕೇಳಿದವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅದೇ ಅನುಮಾನವನ್ನು ಇಟ್ಟುಕೊಂಡು ಸುಮ್ಮನೆ ಓದುತ್ತಿರುವ ಇನ್ನೊಬ್ಬರನ್ನು ಇಟ್ಟುಕೊಳ್ಳಿ. ಆಗ ಧ್ವನಿ ತಾನಾಗಿ ತಿಳಿಯಾಗುತ್ತದೆ. ಬೈಗುಳಕ್ಕೆ ಉತ್ತರಿಸಿದರೆ ನಷ್ಟ ಇನ್ನೊಂದಿದೆ: ಪ್ರತಿ ಉತ್ತರವೂ ಚಟುವಟಿಕೆಯ ಲೆಕ್ಕಕ್ಕೆ ಸೇರಿ, ಆ ಬೈಗುಳವೇ ಇನ್ನಷ್ಟು ಜನರ ಕಣ್ಣಿಗೆ ಬೀಳಬಹುದು.

ಬೈದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ಹಾಕಿ ನಿಮ್ಮ ಓದುಗರನ್ನು ಅವರ ಮೇಲೆ ಬಿಡುವ ಕೆಲಸ ಎಂದಿಗೂ ಬೇಡ. ನಿಮಗಾದದ್ದೇ ಅವರಿಗೂ ಆಗುತ್ತದೆ, ನೂರು ಪಟ್ಟಾಗಿ.

ತೆಗೆದುಹಾಕುವುದು, ದೂರು ಕೊಡುವುದು

ಕಾಮೆಂಟು ಅಳಿಸುವುದು ಹೇಡಿತನ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನಿಮ್ಮ ಹೇಳಿಕೆಯನ್ನು ಪ್ರಶ್ನಿಸಿದ್ದನ್ನು ಅಳಿಸಬೇಡಿ, ಉಳಿದದ್ದನ್ನು ಸಂಕೋಚವಿಲ್ಲದೆ ಅಳಿಸಿ. ಬೆದರಿಕೆ, ಹಿಂಬಾಲಿಸುವಿಕೆ, ವಿಳಾಸ ಅಥವಾ ಫೋನ್ ಸಂಖ್ಯೆ ಬಹಿರಂಗಪಡಿಸುವುದು, ನಿಮ್ಮ ಫೋಟೊವನ್ನು ಅಶ್ಲೀಲವಾಗಿ ತಿರುಚುವುದು, ಇವು ಟೀಕೆಯ ಮೇರೆಯನ್ನು ದಾಟಿದವು. ಅಳಿಸುವ ಮುಂಚೆ ದಿನಾಂಕ, ಸಮಯ, ಖಾತೆಯ ಹೆಸರು, ಕೊಂಡಿ ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಜಾಲತಾಣಕ್ಕೂ ಪೊಲೀಸರಿಗೂ ದೂರು ಕೊಡಿ. ಖಾಸಗಿ ಚಿತ್ರಗಳನ್ನು ಯಾರಾದರೂ ಹರಡುತ್ತಿದ್ದರೆ ಅಥವಾ ಹರಡುವೆನೆಂದು ಹೆದರಿಸುತ್ತಿದ್ದರೆ, 2021ರ ಕೊನೆಯಲ್ಲಿ ಆರಂಭವಾದ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆಯಿದೆ. ಅದು ಚಿತ್ರವನ್ನು ನಿಮ್ಮ ಫೋನಿನಿಂದ ಹೊರಗೆ ಕಳುಹಿಸದೆ ಅದರ ಡಿಜಿಟಲ್ ಬೆರಳಚ್ಚನ್ನು (ಆ ಚಿತ್ರವನ್ನು ಗುರುತಿಸುವ ಸಂಕೇತವನ್ನು) ಮಾತ್ರ ತೆಗೆದು, ಸೇವೆಯಲ್ಲಿ ಪಾಲ್ಗೊಂಡ ಜಾಲತಾಣಗಳು ಆ ಚಿತ್ರವನ್ನು ತಡೆಯಲು ನೆರವಾಗುತ್ತದೆ.

ತೂಕ ಮೇಲೇರಿದಾಗ, ಬರೆಯುವುದು ಸಾಕೆನಿಸಿದಾಗ

ಅತ್ಯಂತ ಕ್ರೂರ ಮಾತುಗಳು ಬರುವುದು ತೂಕ ಮರಳಿದಾಗ. ಮೊಣಕಾಲಿಗೆ ವಿಶ್ರಾಂತಿ ಬೇಕಾಗಿ ನಡಿಗೆ ನಿಂತಾಗ ನನ್ನ ತೂಕ 79ಕ್ಕೆ ಏರಿತು. ಬೇರೆ ಯಾರಾದರೂ ಫೋಟೊ ನೋಡಿ ಕಂಡುಹಿಡಿಯುವ ಮೊದಲು ನಾನೇ ಬರೆದೆ: ‘ಐದು ಕಿಲೋ ಮರಳಿದೆ. ಕಾರಣ ಗೊತ್ತು. ವೈದ್ಯರು ಹೇಳಿದ ಮೇಲೆ ನಡಿಗೆ ಶುರುವಾಗುತ್ತದೆ.’ ಕ್ಷಮೆ ಕೇಳಲಿಲ್ಲ, ಯಾವ ದಿನಾಂಕದೊಳಗೆ ಇಳಿಸುತ್ತೇನೆ ಎಂಬ ಮಾತೂ ಕೊಡಲಿಲ್ಲ. ಕ್ಷಮೆ ಕೇಳಿದರೆ ಜನ ನ್ಯಾಯಾಧೀಶರಾಗುತ್ತಾರೆ. ಗಡುವು ಕೊಟ್ಟರೆ ಸಾಲಗಾರರಿಗೆ ಕಾಯುವವರಂತೆ ಬಾಗಿಲಲ್ಲಿ ನಿಲ್ಲುತ್ತಾರೆ.

ನಿಲ್ಲಿಸುವ ಸೂಚನೆಗಳನ್ನೂ ತಿಳಿದಿರಿ. ಪೋಸ್ಟಿಗೆ ಬೇಕಾದ ಸಂಖ್ಯೆ ಬರಲೆಂದು ಹಿಂದಿನ ದಿನ ನೀರು ಕುಡಿಯದೆ ಇರುವುದು, ಫೋಟೊಗಾಗಿ ಊಟ ಬಿಡುವುದು, ಕಾಮೆಂಟು ನೆನೆದು ನಡುರಾತ್ರಿ ಎಚ್ಚರವಾಗುವುದು, ಜನರ ಎದುರು ಹೋಗಲು ಹಿಂಜರಿಯುವುದು. ಇಂಥವು ಎರಡು ವಾರ ಮುಂದುವರಿದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ ಪಕ್ಕದವರಿಗೆ ಹೇಳಿ, ನೆರವು ಪಡೆಯಿರಿ.

ನಿಲ್ಲಿಸುವುದೆಂದು ತೀರ್ಮಾನಿಸಿದ ಮೇಲೆ ವಿದಾಯದ ದೊಡ್ಡ ಪತ್ರ ಬರೆಯಬೇಡಿ, ಅದರ ಕೆಳಗೂ ಸಾಲು ಸಾಲು ಬರುತ್ತದೆ. ಮೊದಲು ನಿಮ್ಮ ಫೋಟೊಗಳನ್ನೂ ಬರಹಗಳನ್ನೂ ಇಳಿಸಿಕೊಂಡು ಇಟ್ಟುಕೊಳ್ಳಿ. ಬಳಿಕ ಹಳೆಯ ಪೋಸ್ಟುಗಳ ಕಾಮೆಂಟುಗಳನ್ನು ಒಂದೊಂದಾಗಿ ಮುಚ್ಚಿ. ಕೊನೆಗೆ ‘ಸದ್ಯಕ್ಕೆ ಬರೆಯುವುದನ್ನು ನಿಲ್ಲಿಸಿದ್ದೇನೆ, ಓದಿದವರಿಗೆ ನಮಸ್ಕಾರ’ ಎಂದು ಒಂದು ಸಾಲು ಹಾಕಿ, ಅದಕ್ಕೂ ಕಾಮೆಂಟು ಬರದಂತೆ ಮಾಡಿ, ಆ್ಯಪನ್ನು ಫೋನಿನಿಂದ ತೆಗೆಯಿರಿ.